ಅಳಿಸುವ ಮುನ್ನ ಒಮ್ಮೆ ಕೇಳುವವರು

ಹಳೆಯ ವಾಲ್ವ್ ರೇಡಿಯೊ ಕಾವೇರಿದಾಗ ಒಂದು ವಾಸನೆ ಬರುತ್ತಿತ್ತು. ಸುಟ್ಟ ಧೂಳು, ಬಿಸಿ ಮೇಣ, ಅದರೊಂದಿಗೆ ಪಕ್ಕದ ಚೀಲಗಳಲ್ಲಿದ್ದ ಹೊಸ ಜೋಳದ ಘಮ. ಕುಂಭಾರಿ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಅಪ್ಪ ರೇಡಿಯೊ ಹಚ್ಚಿದರೆ ಹಾಡಿಗಿಂತ ಮೊದಲು ಆ ವಾಸನೆಯೇ ಬರುತ್ತಿತ್ತು ಎಂದು ಸಿದ್ದರಾಮಪ್ಪ ನೆನೆಯುತ್ತಾರೆ. ಅರವತ್ಮೂರು ತುಂಬಿದ ಮೇಲೂ ಅವರು ಯಾವ ಟೇಪ್‌ರೆಕಾರ್ಡರ್ ಶುರು ಮಾಡಿದರೂ ಮೊದಲು ಮೂಗು ಹತ್ತಿರ ಒಯ್ಯುತ್ತಾರೆ. ಕಿವಿ ಆಮೇಲೆ.

ಬೆಳಿಗ್ಗೆ ಆರು ಗಂಟೆ. ಸೋಲಾಪುರದ ವಿಜಾಪುರ ರಸ್ತೆಯಲ್ಲಿ ಹಾಲಿನ ಗಾಡಿಗಳು ಮಾತ್ರ ಓಡಾಡುತ್ತಿವೆ. ಎಂಟಡಿ ಅಗಲದ ರಿಪೇರಿ ಅಂಗಡಿಯೊಳಗೆ ಸಿದ್ದರಾಮಪ್ಪ ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪ್‌ರೆಕಾರ್ಡರಿನ ಹೆಡ್ ಒರೆಸುತ್ತಿದ್ದಾರೆ. ಹಗಲೆಲ್ಲ ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ. ಲಾರಿಗಳು ಶುರುವಾಗುವ ಮೊದಲಿನ ಈ ಒಂದೂವರೆ ತಾಸು ಕ್ಯಾಸೆಟ್ಟುಗಳಿಗೇ ಮೀಸಲು. ದಿನಕ್ಕೆ ಒಂದೇ ಕ್ಯಾಸೆಟ್ಟು. "ಒಂದ ತಾಸಿನ ಟೇಪ್ ಕೇಳಾಕ ಒಂದ ತಾಸ ಬೇಕ್ರಿ. ಅದಕ್ಕ ಅವಸರಿಲ್ಲ, ನನಗೂ ಇಲ್ಲ" ಎನ್ನುತ್ತಾರೆ.

ಮನೆಯ ಹೊಲ ಅಣ್ಣ ನೋಡಿಕೊಂಡರು, ತಮ್ಮನಾದ ಸಿದ್ದರಾಮಪ್ಪ ರೇಡಿಯೊ ರಿಪೇರಿ ಕಲಿತು ಸೋಲಾಪುರಕ್ಕೆ ಬಂದರು. ೧೯೮೭ರಲ್ಲಿ ಒಬ್ಬ ವ್ಯಾಪಾರಿ ಮುಂಬೈಯಿಂದ ನಾಲ್ಕು ಗೋಣಿಚೀಲ ಹಳೆ ಕ್ಯಾಸೆಟ್ಟು ತಂದು ಅಂಗಡಿಯಲ್ಲಿ ಸುರಿದ. ಎಲ್ಲವೂ ಜಪಾನಿನವು, ಮೇಲಿನ ಅಕ್ಷರ ಯಾರಿಗೂ ಬರುವುದಿಲ್ಲ. ಹಾಡು ಅಳಿಸಿ ಹೊಸದು ತುಂಬಬಾರದೆಂದು ಕ್ಯಾಸೆಟ್ಟಿನ ನೆತ್ತಿಯ ಮೇಲೆ ಎರಡು ಸಣ್ಣ ತೂತು ಬಿಟ್ಟಿರುತ್ತಾರೆ. ಆ ತೂತಿಗೆ ಕಾಗದ ಅಂಟಿಸಿದರೆ ಯಾವ ಕ್ಯಾಸೆಟ್ಟೂ ಖಾಲಿ ಕ್ಯಾಸೆಟ್ಟೇ. ಭಜನೆಗೆ, ಮದುವೆ ಪದಕ್ಕೆ, ಕೂಸಿನ ತೊದಲಿಗೆ ಜನ ಮುಗಿಬಿದ್ದು ಒಯ್ದರು. ಟೇಪು ಸರಿಯಾಗಿ ಓಡುತ್ತದೆಯೇ ಎಂದು ನೋಡಲು ಸಿದ್ದರಾಮಪ್ಪ ಪ್ರತಿಯೊಂದನ್ನೂ ಹಚ್ಚಿ ಕೇಳಿಯೇ ಕೊಡುತ್ತಿದ್ದರು.

"ಮೊದಲನೇದ ಹಚ್ಚಿದೆ, ಮಷೀನ್ ಕೆಟ್ಟತು ಅಂತ ಬಿಚ್ಚಿ ಕುಂತೆ. ಮೋಟಾರ ಛಲೋ ಅದ, ಬೆಲ್ಟ ಛಲೋ ಅದ. ಮತ್ತ ಹಚ್ಚಿದೆ. ಆಗ ತಿಳೀತು, ಇದು ಇರೂದ ಹಿಂಗ ಅಂತ." ಪಕ್ಕದ ದರ್ಜಿ ಬೀರಣ್ಣ ಹೊರಗಿನಿಂದಲೇ ಕೂಗಿದ್ದು ಅವರಿಗೆ ಇನ್ನೂ ನೆನಪಿದೆ: "ಏ ಸಿದ್ದಪ್ಪಾ, ಒಳಗ ಮಗ್ಗ ಹಾಕೀ ಏನೋ? ನನಗ ಚಾದರ ಯಾವಾಗ ಕೊಡ್ತಿ?"

ಮಗ್ಗಗಳ ಸೋಲಾಪುರದಲ್ಲಿ ಪಳಗಿದ ಕಿವಿಗೆ ಆ ಅಬ್ಬರದ ರಾಕ್ ಸಂಗೀತದ ಡ್ರಮ್ಮು ಪರಕೀಯ ಅನಿಸಲಿಲ್ಲ. ಗದ್ದಲದ ಒಳಗೊಂದು ಲೆಕ್ಕವಿತ್ತು, ಕಿರುಚಾಟದ ಒಳಗೊಂದು ಅಳುವಿತ್ತು. ಅಳಿಸಲು ಮನಸ್ಸೊಪ್ಪದೆ ಉಳಿಸಿಕೊಂಡ ಇನ್ನೂರ ಹನ್ನೊಂದು ಕ್ಯಾಸೆಟ್ಟು ಇವತ್ತಿಗೂ ಬಿಸ್ಕೀಟಿನ ಡಬ್ಬಿಗಳಲ್ಲಿವೆ. ಹಾಡಿದವರು ಯಾರೆಂದು ಮೂವತ್ತೈದು ವರ್ಷ ತಿಳಿಯಲಿಲ್ಲ. ಮೂರು ವರ್ಷದ ಹಿಂದೆ ಮಗಳು ಮನೀಷಾ ಹಾಡಿನ ಹತ್ತಿರ ಫೋನು ಹಿಡಿದಾಗ ಅದು ಹಾಡು ಗುರುತಿಸಿ ಒಂದೊಂದೇ ತಂಡದ ಹೆಸರು ಹೇಳತೊಡಗಿತು. ಓಸಾಕಾದ ಲೌಡ್‌ನೆಸ್, ಅರ್ಥ್‌ಶೇಕರ್. ಟೋಕಿಯೊದ ಬೌ ವೌ, ಆಂಥೆಮ್. ಮಗಳು ಓದಿದ್ದು ಮರಾಠಿ ಶಾಲೆಯಲ್ಲಿ. ಹೀಗಾಗಿ ಡಬ್ಬಿಯ ಮೇಲೆ ತಂದೆ ಕನ್ನಡದಲ್ಲಿ ಬರೆಯುತ್ತಾರೆ, ಅದರ ಕೆಳಗೆ ಅವಳು ಮರಾಠಿಯಲ್ಲಿ. "ಭೇಟಿಯಾಗಲಾರದ ಮಂದಿ. ಹೆಸರು ಸಿಕ್ಕ ದಿನಾ ಮನಿಗೆ ಪಾವ್ಹಣೇರು ಬಂದಂಗ ಆತ್ರಿ" ಎನ್ನುತ್ತಾರೆ ಸಿದ್ದರಾಮಪ್ಪ.

ಒಂದು ಮಾತ್ರ ಕೈತಪ್ಪಿತ್ತು. ನೀಲಿ ಕ್ಯಾಸೆಟ್ಟು, ಚೀಟಿ ಸವೆದು ಬೆಳ್ಳಗಾಗಿತ್ತು. ಎರಡು ಗಿಟಾರು ಮೆಟ್ಟಿಲು ಹತ್ತಿದಂತೆ ಒಂದರ ಹಿಂದೊಂದು ಏರುತ್ತ ಹಾಡು ಶುರುವಾಗುತ್ತಿತ್ತು. ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ತೆಗೆದಿಡಬೇಕೆಂದುಕೊಂಡದ್ದು, ಗಿರಾಕಿಗಳ ಗಡಿಬಿಡಿಯಲ್ಲಿ ಕಾಗದ ಅಂಟಿಸುವ ಗುಂಪಿಗೆ ಸೇರಿ ಮಾರಿಹೋಯಿತು.

ಏಳರ ಸುಮಾರಿಗೆ ಅಕ್ಕಲಕೋಟೆಯ ಮೊದಲ ಬಸ್ಸಿಗೆ ಬಂದ ಉಮಾಬಾಯಿ ಅಂಗಡಿಯ ಮೆಟ್ಟಿಲೇರುತ್ತಾರೆ. ಒಕ್ಕಲುತನದ ಮನೆಯ ಅರವತ್ತಾರರ ಹೆಣ್ಣುಮಗಳು. ಕರವಸ್ತ್ರ ಬಿಚ್ಚಿ ಮುಂದಿಟ್ಟದ್ದು ನೀಲಿ ಕ್ಯಾಸೆಟ್ಟು. ಅದರಲ್ಲಿ ಅವರ ತಾಯಿ ಕಸ್ತೂರಬಾಯಿ ಬೀಸುವ ಪದ ಹಾಡಿದ್ದಾರೆ. ೧೯೮೯ರಲ್ಲಿ ತುಂಬಿದ್ದು, ಅದೇ ವರ್ಷ ತಾಯಿ ತೀರಿಕೊಂಡರು. ಆ ದನಿ ಬೇರೆಲ್ಲೂ ಇಲ್ಲ. ಕಳೆದ ದೀಪಾವಳಿಗೆ ಮಷೀನು ಟೇಪನ್ನು ನುಂಗಿ ಮುದ್ದೆ ಮಾಡಿತು. ಮತ್ತೆ ಮುಟ್ಟಲು ಯಾರಿಗೂ ಧೈರ್ಯ ಬರಲಿಲ್ಲ.

"ಹದಿನೆಂಟು ಮಿನಿಟ ಅವ್ವ ಹಾಡತಾಳ್ರಿ ಅಣ್ಣಾವ್ರ. ಆಮ್ಯಾಲ ಧಡಲ್ ಅಂತ ಆ ಗದ್ದಲ ಬರತದ. ಎಲ್ಲಾರೂ ಓಡಿ ಹೋಗಿ ಗುಂಡಿ ಒತ್ತೂದು. ಹುಡುಗ್ರು ಅದಕ್ಕ ಅಜ್ಜೀ ಹಿಂದಿನ ದೆವ್ವ ಅಂತಿದ್ವು."

"ಹಂಗಂದ್ರ ಟೇಪು ಸವದದ್ದೂ ಅಲ್ಲೇ ಇರಬೇಕ್ರಿ ಅಕ್ಕಾವ್ರ" ಎಂದು ಸಿದ್ದರಾಮಪ್ಪ ಸಣ್ಣ ತಿರುಪು ಬಿಚ್ಚುತ್ತಾರೆ. ಮೂವತ್ತೈದು ವರ್ಷ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಜಾಗದಿಂದ ಹಿಂದೆ ಸುತ್ತಿ, ಟೇಪು ಸವೆದು ಕೂದಲೆಳೆಯಷ್ಟೇ ಹಿಡಿದುಕೊಂಡಿದೆ. ಸುಕ್ಕಾದ ಭಾಗವನ್ನು ಹೆಬ್ಬೆರಳಿನಿಂದ ಗಾಜಿನ ಮೇಲೆ ತಿಕ್ಕಿ ನೆಟ್ಟಗೆ ಮಾಡುತ್ತಾರೆ. ಕೈಯಿಂದಲೇ ಮೆಲ್ಲಗೆ ಸುತ್ತಿ ಆ ಜಾಗವಷ್ಟನ್ನೇ ಕೇಳುತ್ತಾರೆ. ಬೀಸುವ ಕಲ್ಲು ನಿಲ್ಲುತ್ತದೆ. ಹೆಂಗಸಿನ ದನಿ: "ಸಾಕೇನ ಉಮಾ? ಇದನ್ನ ಹೆಂಗ ಬಂದ್ ಮಾಡೂದವಾ?" ಒಂದು ನಗು. ಅದರ ಬೆನ್ನಿಗೇ ಎರಡು ಗಿಟಾರು, ಮೆಟ್ಟಿಲು ಹತ್ತಿದಂತೆ.

ಸಿದ್ದರಾಮಪ್ಪನ ಕೈ ನಿಲ್ಲುತ್ತದೆ. ಪಕ್ಕದಲ್ಲಿ ಕೂತ ಮನೀಷಾ ತಂದೆಯ ಮುಖ ನೋಡುತ್ತಾಳೆ. "ಬಾಬಾ, ನೀವು ಕಳಕೊಂಡ ಹಾಡು ಅದ ಏನ?" "ಹ್ಞೂ. ಅದ."

ಹರಿಯುವಂತಾದ ಟೇಪನ್ನು ಪೂರ್ತಿ ಬಿಡಿಸಿ ಮತ್ತೆ ಜೋಡಿಸಲು ಒಂದು ಪದ್ಧತಿಯಿದೆ. ಎರಡೂ ತುದಿಗಳನ್ನು ನಾಲ್ಕು ಬೆರಳಿನಷ್ಟು ಒಂದರ ಮೇಲೊಂದು ಇಟ್ಟು, ನಟ್ಟನಡುವೆ ಓರೆಯಾಗಿ ಒಂದೇ ಏಟಿಗೆ ಕತ್ತರಿಸುವುದು. ಎರಡೂ ಕಡೆ ಒಂದಿಷ್ಟು ಹೋಗುತ್ತದೆ, ಜೋಡಣೆ ಗಟ್ಟಿಯಾಗುತ್ತದೆ. ನಡುವೆ ಕತ್ತರಿಸಿದರೆ ಅರ್ಧ ನಗು ಉಳಿಯುತ್ತದೆ, ಗಿಟಾರಿನ ಅರ್ಧ ಮೆಟ್ಟಿಲೂ ಉಳಿಯುತ್ತದೆ. ಸಿದ್ದರಾಮಪ್ಪ ಉಸಿರು ಹಿಡಿದು ಬ್ಲೇಡನ್ನು ನಡುವಿನಿಂದ ಸರಿಸುತ್ತಾರೆ, ನಗುವಿನ ಕೊನೆಯ ಅಂಚಿನವರೆಗೂ ಸರಿಸುತ್ತಾರೆ. ಕತ್ತರಿಸಿದ ಮೇಲೆ ಗಾಜಿನ ಮೇಲೆ ಬಿದ್ದದ್ದು ಪೂರ್ತಿ ಗಿಟಾರಿನ ತುಣುಕು.

ಟೇಪು ಮೊದಲಿನಿಂದ ಓಡುತ್ತದೆ. ಮನೀಷಾ ಫೋನಿಗೆ ತುಂಬಿಕೊಳ್ಳುತ್ತಾಳೆ. ಹದಿನೆಂಟು ಮಿನಿಟು ಕಸ್ತೂರಬಾಯಿ ಹಾಡುತ್ತಾರೆ. ಹೊರಗೆ ಲಾರಿಯೊಂದು ಬಂದಾಗ ಮನೀಷಾ ಎದ್ದು ಶಟರು ಅರ್ಧ ಇಳಿಸಿ ಬರುತ್ತಾಳೆ. ನಗು ಇಡಿಯಾಗಿ ಬರುತ್ತದೆ. ಅದರ ನಂತರದ ಹಾಡು ಮೆಟ್ಟಿಲಿಲ್ಲದೆ, ಮಾಳಿಗೆಯಿಂದಲೇ ಶುರುವಾಗುತ್ತದೆ.

"ಈ ಗದ್ದಲ ಫೋನಿನ್ಯಾಗ ತಗದ ಹಾಕಲೇನ್ರಿ ಮಾವಶಿ?" ಎಂದು ಮನೀಷಾ ಕೇಳುತ್ತಾಳೆ.

"ಬ್ಯಾಡವಾ, ಇರ್ಲಿ" ಎಂದು ಉಮಾಬಾಯಿ ಕಣ್ಣೊರೆಸಿಕೊಳ್ಳುತ್ತಾರೆ. "ಅದು ಬಂದ್ರನ ನಮಗ ಅವ್ವ ಮುಗಸ್ಯಾಳ ಅಂತ ತಿಳಿಯೂದು." ಆಮೇಲೆ ಗಾಜಿನ ಮೇಲಿನ ತುಣುಕಿನ ಕಡೆ ನೋಡಿ, "ನಮ್ಮವ್ವಂದು ಉಳಿಸಾಕ ನಿಮ್ಮದು ಕಡದ್ರೇನ್ರಿ ಅಣ್ಣಾವ್ರ?" ಎನ್ನುತ್ತಾರೆ.

"ನಂದೇನ ಬಿಡ್ರಿ ಅಕ್ಕಾವ್ರ. ನನಗ ಬಾಯಿಪಾಠ ಅದ."

ಉಳಿದ ಹಾಡಿಗೆ ಮನೀಷಾ ಫೋನು ಹಿಡಿಯುತ್ತಾಳೆ. ಒಮ್ಮೆ, ಎರಡನೇ ಸಲ, ಮತ್ತೊಮ್ಮೆ. "ಗೊತ್ತಿಲ್ಲಂತ ಬಾಬಾ." ನಾಲ್ಕು ಹಾಡು ಹಾಡಿ ಯಾವುದೋ ಊರಿನಲ್ಲಿ ಮರೆತುಹೋದ ಹುಡುಗರಿರಬಹುದು. ಈಗ ಅವರಿಗೂ ಅರವತ್ತು ದಾಟಿರಬೇಕು. "ಹೆಸರೊಂದ ತಿಳದ್ರ ಸಾಕ್ರಿ" ಎನ್ನುತ್ತಾರೆ ಸಿದ್ದರಾಮಪ್ಪ. "ನಿಮ್ಮ ಹಾಡಿನ ಮ್ಯಾಲ ನಮ್ಮ ಕಡೀ ಹೆಣ್ಮಗಳೊಬ್ಬಾಕಿ ಹಾಡ್ಯಾಳ, ಎರಡೂ ಛಲೋ ಅದಾವ ಅಂತ ಒಂದ ಕಾಗದ ಬರೀತಿದ್ದೆ."

ಹಾಡು ಇನ್ನೂ ಮುಗಿದಿಲ್ಲ. ಅವರು ಹೆಡ್‌ಫೋನು ಕಿವಿಗೇರಿಸಿ, ಕಣ್ಣು ಮುಚ್ಚಿ, ಬೆರಳಿನಿಂದ ಮೇಜು ತಟ್ಟುತ್ತ ಕೂತಿದ್ದಾರೆ. ಉಮಾಬಾಯಿ ಎಬ್ಬಿಸುವುದಿಲ್ಲ. ಚೀಲದಿಂದ ತಮ್ಮ ಬುತ್ತಿಯ ಗಂಟು ತೆಗೆದು ಮನೀಷಾಳ ಕೈಗಿಡುತ್ತಾರೆ. ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. "ಕ್ಯಾಸೆಟ್ಟ ಸಂಜೀಕ ಬಂದ ಒಯ್ತೀನಿ. ಹಾಡ ಮುಗದ ಮ್ಯಾಲ ಅವರಿಗೆ ಉಣ್ಣಾಕ ಕೊಡವಾ" ಎಂದು ಸಣ್ಣ ದನಿಯಲ್ಲಿ ಹೇಳಿ, ಚಪ್ಪಲಿ ಸಪ್ಪಳವಾಗದಂತೆ ಮೆಟ್ಟಿಲಿಳಿಯುತ್ತಾರೆ.