ಟ್ರಾಕ್ಟರಿಗೆ ಎರಡು ಕೈ

ಸಾದಲಿ ಹತ್ತಿರದ ಹಳ್ಳಿಯ ರಾಧಾಮಣಿಯ ಹಟ ಎಂಥದ್ದು ಅಂತ ತಿಳಿಯಬೇಕಾದರೆ ಅವಳ ಗಂಡ ಚಲಪತಿಯನ್ನೇ ಕೇಳಬೇಕು. ಹೆಂಗಸರಿಗ್ಯಾಕೆ ಟ್ರಾಕ್ಟರು ಎಂದು ಮೂಗು ಮುರಿದ ಅತ್ತೆಯ ಕಣ್ಣೆದುರೇ ಉಳುಮೆ ಕಲಿತವಳು ಅವಳು. ಅಂಥವಳಿಗೂ ಈ ಬೇಸಿಗೆಯಲ್ಲಿ ಕೈಕಾಲು ಕಟ್ಟಿಹಾಕಿದ ಹಾಗಾಯಿತು. ಟೊಮ್ಯಾಟೊ ಕ್ರೇಟು ಹೊತ್ತೂ ಹೊತ್ತೂ ಚಲಪತಿಯ ಸೊಂಟ ಹಿಡಿದುಕೊಂಡಿತ್ತು. ಇನ್ನು ಭಾರ ಎತ್ತಲೇಕೂಡದು ಎಂದರು ಡಾಕ್ಟರು. ಹೆಂಡತಿ ಒಬ್ಬಳೇ ಕ್ರೇಟುಗಳನ್ನು ಟ್ರೇಲರಿಗೆ ಏರಿಸಿ, ರಸ್ತೆಗೆ ಸಾಗಿಸಿ, ಮತ್ತೆ ಇಳಿಸುವುದನ್ನು ನೋಡಲಾರದೆ ಅವನು ಪಕ್ಕದ ಹೊಲದ ಚೆನ್ನರಾಯಪ್ಪನಿಗೆ ಜಮೀನು ಗುತ್ತಿಗೆಗೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟ. ಅವಳನ್ನು ಒಂದು ಮಾತೂ ಕೇಳಲಿಲ್ಲ, ಮಹಾರಾಯ!

ರಾಧಾಮಣಿಗೆ ಮೈಯೆಲ್ಲ ಉರಿಯಿತು. ಆದರೆ ಮಂಚದ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದವನ ಮೇಲೆ ಎಷ್ಟಂತ ರೇಗುವುದು?

"ಈ ಬೆಳೆ ಮುಗಿಯೋ ತನಕ ತಡಿ. ಕ್ರೇಟು ಹೊರದೇನೇ ರಸ್ತೆಗೆ ಹಾಕಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಬಿಟ್ಕೊಡ್ತೀನಿ," ಎಂದಳು.

ಚಿಂತಾಮಣಿಯ ಒಂದು ಗೋದಾಮಿನಲ್ಲಿ ಅವಳು ನೋಡಿದ್ದಳು: ಅಡಿಯಲ್ಲಿ ಸಂದು ಬಿಟ್ಟ ಮರದ ಮಣೆ, ಅಂದರೆ ಪ್ಯಾಲೆಟ್ಟಿನ ಮೇಲೆ ಸರಕು ಜೋಡಿಸಿಟ್ಟರೆ, ಗಾಡಿಯೊಂದು ತನ್ನ ಎರಡು ಕಬ್ಬಿಣದ ಕೈಗಳನ್ನು ಅಡಿಗೆ ತೂರಿಸಿ ಎತ್ತಿಕೊಂಡು ಹೋಗುತ್ತಿತ್ತು. ನೇಗಿಲನ್ನು ಎತ್ತುವ ತನ್ನ ಟ್ರಾಕ್ಟರಿನ ಹಿಂಭಾಗಕ್ಕೂ ಅಂಥ ಕೈ ಕೂರಿಸಿದರೆ ಆಯಿತಲ್ಲ! ನೀಲಗಿರಿ ಹಲಗೆ ಹೊಡೆದು ತಾನೇ ಪ್ಯಾಲೆಟ್ಟು ಮಾಡಿದಳು. ಕೈ ಮಾಡಿಸಲು ವೆಲ್ಡಿಂಗ್ ಅಂಗಡಿಯ ಮೋಹನ್‌ಬಾಬುವಿನ ಹತ್ತಿರ ಹೋದಳು.

ಅಲ್ಲಿ ಆದದ್ದು ನಮ್ಮ ಕಡೆಯವರು ಮಾತ್ರ ಮಾಡುವ ತಪ್ಪು. ನಮ್ಮಲ್ಲಿ ಮಚ್ಚಾಗಲಿ ಕುಡುಗೋಲಾಗಲಿ, ಲಾರಿ ಪಟ್ಟೆಯದು ಅಂದರೆ ಮುಗಿಯಿತು, ಅದಕ್ಕಿಂತ ಗಟ್ಟಿ ಲೋಕದಲ್ಲಿಲ್ಲ. ಅವರೂ ಗುಜರಿಯಿಂದ ಲಾರಿಯ ಸ್ಪ್ರಿಂಗ್ ಪಟ್ಟೆ ತಂದು, ಕಾಯಿಸಿ ನೆಟ್ಟಗೆ ಮಾಡಿ, ಚೌಕಟ್ಟಿಗೆ ಬೆಸೆದರು. ನೋಡಿದವರೆಲ್ಲ ತಲೆದೂಗಿದರು. ಮೊದಲ ದಿನ, ಖಾಲಿ ಕ್ರೇಟುಗಳನ್ನು ಪ್ಯಾಲೆಟ್ಟಿನ ಮೇಲೇ ಇಟ್ಟು ಹಣ್ಣು ತುಂಬಿ, ಅದನ್ನೆತ್ತಿ ಬದು ದಾಟುವಾಗ ಪಟ್ಟೆ ಬೆಸುಗೆಯ ಪಕ್ಕದಲ್ಲೇ ಗಾಜಿನ ಹಾಗೆ ಫಟ್ಟನೆ ಮುರಿಯಿತು. ಕ್ರೇಟುಗಳೆಲ್ಲ ಮಗುಚಿ ಹಣ್ಣು ನೆಲದ ಪಾಲಾಯಿತು. ಚೆನ್ನರಾಯಪ್ಪ ಬದುವಿನ ಮೇಲೆ ನಿಂತು, ಪಾಪ, ಕನಿಕರದಿಂದಲೇ ಲೊಚಗುಟ್ಟಿದ. ಆ ಕನಿಕರ ಅವಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮುರಿದ ತುಂಡು ಹಿಡಿದು ಮತ್ತೆ ಅಂಗಡಿಗೆ ಹೋದಳು. ಮೋಹನ್‌ಬಾಬು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ. ಗಟ್ಟಿ ಅನ್ನೋದೇ ಇದರ ರೋಗ, ಬೆಸುಗೆಯ ಕಾವಿಗೆ ಪೆಡಸಾಗಿದೆ, ಬಾಗೋದೇ ಇಲ್ಲ, ಮುರಿಯುತ್ತೆ ಅಂತ ಒಪ್ಪಿಕೊಂಡ. ಇನ್ನೊಂದು ಕೈ ಮುರಿದಿರಲಿಲ್ಲ; ಅದನ್ನಾದರೂ ಉಳಿಸಿಕೊಳ್ಳೋಣ ಎಂದು ಅವನೆಂದರೆ ರಾಧಾಮಣಿ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಎರಡನ್ನೂ ಕಿತ್ತುಹಾಕಿಸಿದಳು. ಈ ಸಲ ಮುರಿಯದೆ ಬಾಗುವ ಸಾದಾ ಕಬ್ಬಿಣದ, ತೋಡಿನಂತಿರುವ ಚಾನಲ್‌ಗಳನ್ನು ಎದುರುಬದುರು ಸೇರಿಸಿ ಕೈ ಮಾಡಿಸಿ, ಮೊಣಕೈ ಬರುವ ಕಡೆ ದಪ್ಪ ತಗಡಿನ ಒತ್ತು ಕೊಡಿಸಿದಳು.

ಕೈಗಳು ತಡೆದವು, ಟ್ರಾಕ್ಟರು ತಡೆಯಲಿಲ್ಲ. ಹಿಂದೆ ಭಾರ ಏರಿದ್ದೇ ಮುಂದಿನ ಚಕ್ರ ನೆಲ ಬಿಟ್ಟಿತು. ಅವಳು ಭಾರವನ್ನು ಮೆಲ್ಲಗೆ ಕೆಳಗಿಳಿಸಿ ಇಂಜಿನ್ ಆರಿಸಿದಳು. ಇನ್ನು ಆಗೋದಿಲ್ಲವೇನೋ ಎಂದು ಮೊದಲ ಸಲ ಅನ್ನಿಸಿತು. ಅಷ್ಟರಲ್ಲಿ ಹಿಂದಿನಿಂದ ಚಲಪತಿಯ ದನಿ ಕೇಳಿಸಿತು. ಎಷ್ಟೋ ದಿನದಿಂದ ಹೊಲದ ಕಡೆ ಬಾರದವನು ಕೋಲೂರಿಕೊಂಡು ಬಂದು ನಿಂತಿದ್ದ.

"ಮೂತಿ ಹಗುರ ಆಗೈತೆ ಕಣೇ. ಮುಂದಕ್ಕೆ ಮರಳಿನ ಮೂಟೆ ಕಟ್ಟು. ಕ್ರೇಟು ಅರ್ಧಕ್ಕೆ ಅರ್ಧ ಇಳಿಸು."

ಇಳಿಸಿದಳು, ಕಟ್ಟಿದಳು. ಪ್ಯಾಲೆಟ್ಟು ಮೇಲೆದ್ದಿತು, ಚಕ್ರ ನೆಲದ ಮೇಲೇ ಉಳಿಯಿತು. ಬದು ದಾಟಿತು, ರಸ್ತೆ ಪಕ್ಕ ಹೋಗಿ ಕೂತಿತು. ಕೊನೇ ಕೊಯ್ಲಿನವರೆಗೂ ಹಾಗೇ ನಡೆಯಿತು, ಒಂದು ಕ್ರೇಟನ್ನೂ ಅವಳು ಹೊರಲಿಲ್ಲ.

ಬೆಳೆ ಮುಗಿಯುವ ದಿನ ಚೆನ್ನರಾಯಪ್ಪ ಗುತ್ತಿಗೆ ಮಾತು ಪಕ್ಕಾ ಮಾಡಿಕೊಳ್ಳಲು ಹೊಲಕ್ಕೇ ಬಂದ. ರಾಧಾಮಣಿ ಟ್ರಾಕ್ಟರಿನ ಮೇಲಿದ್ದಳು. ಗಂಡ ಏನನ್ನುತ್ತಾನೋ ಎಂದು ಇಂಜಿನ್ ಸದ್ದು ತಗ್ಗಿಸಿದಳು.

"ಅವತ್ತು ಅವಳನ್ನ ಕೇಳ್ದೇ ಮಾತು ಕೊಟ್ಟೆ, ತಪ್ಪಾಯ್ತಪ್ಪ," ಎಂದ ಚಲಪತಿ. "ಉತ್ತೋಳು ಅವಳು. ಅವಳನ್ನೇ ಕೇಳು."

ಚೆನ್ನರಾಯಪ್ಪ ಅವಳ ಕಡೆ ತಿರುಗಿದ. ಅವಳು ಗೇರು ಹಾಕಿದಳು.

"ಕೊಡಲ್ಲ," ಎಂದಳು, ಮುಂದಿನ ಪ್ಯಾಲೆಟ್ಟಿಗೆ ಗಾಡಿ ಹಿಂದಕ್ಕೆ ತೆಗೆಯುತ್ತಾ.