ಸಾರಕ್ಕನ ಸೊಸೆ ಮತ್ತು ಕೋರಮಂಡಲಿನ ಹರಾಜು

ನವೆಂಬರ್ ಕೊನೆಯ ಶನಿವಾರ ಬೆಂಗಳೂರಿನ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಬಂಗಾರಪೇಟೆ ರೈಲಿಗೆ ಕಾಯುತ್ತ ಕೂತೆ. ರೈಲಿಗೆ ಇನ್ನೂ ಗಂಟೆಗಿಂತ ಹೆಚ್ಚು ಹೊತ್ತಿತ್ತು. ಐವತ್ತು ದಾಟಿದ ಮೇಲೆ ನನಗೆ ಈ ಚಟ ಅಂಟಿಕೊಂಡಿದೆ: ರೈಲು ತಪ್ಪಿಹೋದೀತು ಎಂಬ ಭಯದಲ್ಲಿ ಅದರ ಹಿಂದಿನ ರೈಲು ಹೋಗುವುದನ್ನೂ ನೋಡುತ್ತೇನೆ. ಮರುದಿನ ಕೋಲಾರ ಚಿನ್ನದ ಗಣಿಯ ಕೋರಮಂಡಲಿನಲ್ಲಿ ಒಂದು ಚಿಕ್ಕ ಚರ್ಚಿನ ಸುಗ್ಗಿ ಹಬ್ಬ. ಅಲ್ಲಿ ಬೈಬಲಿನ ರೂತಳ ಕಥೆಯ ಮೇಲೆ ನಾನು ಪ್ರಸಂಗ ಮಾಡಬೇಕಿತ್ತು. ನಾನು ಪಾದ್ರಿಯಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು, ಯಾರಾದರೂ ಕರೆದರೆ ಭಾನುವಾರ ಹೋಗಿ ನಾಲ್ಕು ಮಾತು ಹೇಳಿ ಬರುವವನು.

ಬೆಳಿಗ್ಗೆ ಹೆಂಡತಿ ನನ್ನ ಚೀಲ ಎತ್ತಿ ನೋಡಿ ನಕ್ಕಳು. "ಮಾತಾಡೋಕೆ ಹೊರಟಿರೋದು ದೇವರ ಪಾಲನೆ ಬಗ್ಗೆ. ಚೀಲದಲ್ಲಿ ಎರಡು ಟಾರ್ಚು, ಕೊಡೆ, ಹೊಟ್ಟೆನೋವಿನ ಮಾತ್ರೆ, ಜ್ವರದ ಮಾತ್ರೆ. ದೇವರಿಗೆ ಮಾಡೋಕೆ ಏನು ಉಳಿಸಿದ್ದೀರಿ?" ಎಂದಳು. ನಾನು ಇನ್ನೊಂದು ಜೊತೆ ಸಾಕ್ಸ್ ಒಳಗೆ ತುರುಕಿದೆ.

ಟಿಕೆಟ್ಟಿನ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ಎಪ್ಪತ್ತು ಕಿಲೋಮೀಟರಿಗೆ ಇಷ್ಟು ಕಡಿಮೆ ತೆಗೆದುಕೊಂಡರೆ ಬ್ರೇಕಿಗೆ ಎಷ್ಟು ಖರ್ಚು ಮಾಡುತ್ತಾರೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಮಾಲೂರಿನ ಇಟ್ಟಿಗೆ ಗೂಡುಗಳು, ಟೇಕಲ್ಲಿನ ಬಂಡೆಗಳು ದಾಟಿದವು. ಹಳಿಯ ಪಕ್ಕದ ಹೊಲಗಳಲ್ಲಿ ರಾಗಿ ತೆನೆ ಕೆಂಪಗೆ ತಿರುಗಿ ಕೊಯ್ಲಿಗೆ ಬಂದಿತ್ತು. ಪ್ರಸಂಗದ ಹಾಳೆ ತೆಗೆದು ಓದಿಕೊಂಡೆ.

ಕಥೆ ಚಿಕ್ಕದು. ಬೇತ್ಲೆಹೇಮಿನಲ್ಲಿ ಬರ ಬಂದು ನೊವೊಮಿ ಎಂಬುವಳು ಗಂಡ ಮಕ್ಕಳೊಡನೆ ಮೋವಾಬ್ ಎಂಬ ಪರದೇಶಕ್ಕೆ ಹೋಗುತ್ತಾಳೆ. ಅಲ್ಲಿ ಗಂಡ ಸಾಯುತ್ತಾನೆ, ಆ ದೇಶದ ಹುಡುಗಿಯರನ್ನು ಮದುವೆಯಾಗಿದ್ದ ಇಬ್ಬರು ಗಂಡುಮಕ್ಕಳೂ ಸಾಯುತ್ತಾರೆ. ಊರಿಗೆ ಹೊರಟ ನೊವೊಮಿ ಸೊಸೆಯರಿಗೆ, ನಿಮ್ಮ ತಾಯಿಮನೆಗೆ ಹೋಗಿ, ಇನ್ನೊಂದು ಬದುಕು ನೋಡಿಕೊಳ್ಳಿ ಎನ್ನುತ್ತಾಳೆ. ಒಬ್ಬ ಸೊಸೆ ಒರ್ಫಾ ಅತ್ತು ಹೊರಟುಹೋಗುತ್ತಾಳೆ. ಇನ್ನೊಬ್ಬಳು, ರೂತಳು, ಬಿಡುವುದಿಲ್ಲ. ಬೇತ್ಲೆಹೇಮಿಗೆ ಬಂದು, ಕೊಯ್ದ ಹೊಲದಲ್ಲಿ ಬಿದ್ದ ತೆನೆ ಆಯ್ದು ಅತ್ತೆಯನ್ನು ಸಾಕುತ್ತಾಳೆ. ಆ ಹೊಲದೊಡೆಯ ಬೋವಜ ಅವಳನ್ನು ಮದುವೆಯಾಗುತ್ತಾನೆ. ಹುಟ್ಟಿದ ಮಗುವಿನ ವಂಶದಲ್ಲಿ ದಾವೀದ ಅರಸ, ಬಹಳ ಕಾಲದ ಮೇಲೆ ನಮ್ಮ ಯೇಸುಸ್ವಾಮಿ. ನನಗೆ ಯಾವಾಗಲೂ ಆಶ್ಚರ್ಯ, ಇಡೀ ಕಥೆಯಲ್ಲಿ ದೇವರು ಬಾಯಿ ತೆರೆಯುವುದಿಲ್ಲ. ಸಮುದ್ರ ಸೀಳುವುದಿಲ್ಲ, ಕನಸಿನಲ್ಲಿ ದೂತ ಬರುವುದಿಲ್ಲ. ರೂತಳು ಹೋಗಿ ನಿಂತ ಹೊಲ, ಹೇಗೋ, ಬೋವಜನದಾಗಿತ್ತು. ಅಷ್ಟೇ.

ಬಂಗಾರಪೇಟೆಯಲ್ಲಿ ಇಳಿದು ಗಣಿಯ ಕಡೆಯ ರೈಲು ಹಿಡಿಯಬೇಕು. ಹೊತ್ತಿತ್ತು. ಹೊರಗೆ ಹೋಗಿ ಊರಿನ ಹೆಸರುವಾಸಿ ಪಾನಿಪೂರಿ ತಿಂದೆ. ಇಲ್ಲಿ ಪಾನಿ ಹಸಿರಲ್ಲ, ಲೋಟದ ನೀರಿನ ಹಾಗೆ ತಿಳಿ. ಬಾಯಿಗಿಟ್ಟರೆ ಕಣ್ಣಲ್ಲಿ ನೀರು. "ನೀರು ಕುದಿಸಿದ್ದಾ?" ಎಂದು ಕೇಳಿದೆ. ಗಾಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ನಮ್ ತಾತ ಇದನ್ನೇ ತಿಂದು ತೊಂಬತ್ ವರ್ಷ ಬದ್ಕಿದ್ರು" ಎಂದ. ಇನ್ನೊಂದು ಪ್ಲೇಟ್ ತಿಂದು, ಮಾತ್ರೆಯನ್ನೂ ನುಂಗಿದೆ.

ಪುಟ್ಟ ರೈಲು ಕೋರಮಂಡಲಿನ ಹತ್ತಿರ ಬಂದ ಹಾಗೆ ಸೈನೈಡ್ ದಿಬ್ಬಗಳು ಕಂಡವು. ಚಿನ್ನ ತೆಗೆದು ಬಿಸುಟ ಮಣ್ಣು ಗುಡ್ಡಗುಡ್ಡವಾಗಿ ಬಿದ್ದಿದೆ. ಗಾಳಿ ಬೀಸಿದರೆ ಅದರ ಧೂಳು ಎಲ್ಲರ ಮನೆಯ ಅನ್ನದ ಮೇಲೂ ಕೂರುತ್ತದೆ. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ಜನ ಈಗ ನೆಲದೊಳಗೆ ಇಳಿಯುವ ಬದಲು ಮುಂಜಾನೆ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ.

ಕೋರಮಂಡಲಿನ ಸಾಲುಮನೆಗಳಲ್ಲಿ, ಇಲ್ಲಿಯವರ ಬಾಯಲ್ಲಿ 'ಲೈನ್', ಸಾರಕ್ಕನ ಮನೆ. ನನ್ನ ಅಮ್ಮ ಗಣಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಪಕ್ಕದ ಮನೆಯವಳು. ಅಮ್ಮ ಸಾರಕ್ಕ ಎನ್ನುತ್ತಿದ್ದಳು, ನಾನೂ ಹಾಗೇ ಕರೆಯುವುದು ರೂಢಿಯಾಯಿತು. ಅವಳ ಒಬ್ಬನೇ ಮಗ ಜಾನ್ ಎರಡು ವರ್ಷದ ಹಿಂದೆ ಕಾಮಾಲೆಯಲ್ಲಿ ತೀರಿಕೊಂಡ. ಸೊಸೆ ಜಯಾ ಬಂಗಾರಪೇಟೆ ಕಡೆಯ ಹಳ್ಳಿಯ ಒಕ್ಕಲು ಮನೆಯವಳು. ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಜಾನ್ ಕೋರಮಂಡಲಿನಿಂದ ಸೀಟು ಹಿಡಿದು ಬರುತ್ತಿದ್ದ, ಬಂಗಾರಪೇಟೆಯಲ್ಲಿ ಹತ್ತಿದ ಜಯಾಳಿಗೆ ಎದ್ದು ಕೊಡುತ್ತಿದ್ದ. ಮದುವೆಯಾದದ್ದೇ ಸೀಟಿಗೋಸ್ಕರ ಎಂದು ಜಯಾ ತಮಾಷೆ ಮಾಡುತ್ತಿದ್ದಳು. ಅವಳು ಚರ್ಚಿಗೂ ಬರುತ್ತಾಳೆ, ತಂದೆಯ ಊರಿನ ದೇವರ ಹೂವನ್ನೂ ಮುಡಿಯುತ್ತಾಳೆ.

ನಾನು ಹೋದಾಗ ಜಯಾ ಕೆಲಸದಿಂದ ಬಂದಿರಲಿಲ್ಲ. ಸಾರಕ್ಕ ಕಾಫಿ ಕೊಟ್ಟು ಎದುರಿಗೆ ಕೂತಳು. ಅವಳ ಮಾತು ಕನ್ನಡದಲ್ಲಿ ಹೊರಟು ತಮಿಳಿನಲ್ಲಿ ಸುತ್ತಿ ಬರುತ್ತದೆ.

"ಸಾಮು, ನಾಳೆ ಹಬ್ಬಕ್ಕೆ ಜಯಾಳ ಅಪ್ಪ ಬರ್ತಾರೆ. ನಾನೇ ಹೇಳಿ ಕಳ್ಸಿದೀನಿ. ವಾಪಸ್ಸು ಹೋಗುವಾಗ ಇವಳ್ನೂ ಕರ್ಕೊಂಡು ಹೋಗ್ಲಿ ಅಂತ. ನೀನು ಇವಳಿಗೆ ಒಂದು ಮಾತು ಹೇಳ್ಬೇಕು ಕಣ್ಣೂ."

"ನಾನಾ? ಏನಂತ?"

"ಹೋಗು ಅಂತ. ಸಣ್ಣ ವಯಸ್ಸು, ಪಾವಂ. ನನ್ನ ಜೊತೆ ಇದ್ದು ಇದ್ದು ಇವಳೂ ಮುದುಕಿ ಆಗ್ಬಿಡ್ತಾಳೆ. ಮೊನ್ನೆ ನೋಡಿದ್ರೆ ನನ್ನ ಥರಾನೇ ಸೊಂಟ ಹಿಡ್ಕೊಂಡು ಏಳ್ತಾ ಇದಾಳೆ! ನಾನು ಹೇಳಿದ್ರೆ ಅಳ್ತಾಳೆ. ನಮ್ಮ ಪಾದ್ರಿ ಅಯ್ಯನವರು ಹೇಳಿದ್ರೆ ಜಗಳಕ್ಕೆ ಹೋಗ್ತಾಳೆ. ನೀನು ಹೇಳಿದ್ರೆ ನಗ್ತಾಳೆ. ನಗ್ತಾ ನಗ್ತಾ ಹೋಗ್ಲಿ."

"ಸಾರಕ್ಕ, ನಾಳೆ ನಾನು ರೂತಳ ಮೇಲೆ ಪ್ರಸಂಗ ಮಾಡ್ಬೇಕು. ಅತ್ತೇನ ಬಿಡದ ಸೊಸೆ!"

"ಮಾಡು, ಯಾರು ಬೇಡ ಅಂದ್ರು? ಬೆಳಿಗ್ಗೆ ಪ್ರಸಂಗ ಮಾಡು, ಮಧ್ಯಾಹ್ನ ಇವಳ್ನ ಕಳ್ಸು."

ಅವಳು ತಮಾಷೆಗೆ ಹೇಳಲಿಲ್ಲ. ಈ ಮನೆಯಲ್ಲಿ ಮಾತಾಡಲು ಅವಳಿಗೆ ಉಳಿದಿರುವುದು ಜಯಾ ಒಬ್ಬಳೇ.

ಸಂಜೆ ಜಯಾ ಬಂದಳು. ನಾನು ಗಂಟಲು ಸರಿಮಾಡಿಕೊಂಡು, ಮನುಷ್ಯ ಮುಂದಿನ ದಿನಗಳ ಬಗ್ಗೆಯೂ ಯೋಚಿಸಬೇಕಾಗುತ್ತದೆ ಎಂದು ಎಲ್ಲೆಲ್ಲಿಂದಲೋ ಶುರುಮಾಡಿದೆ. ಅವಳು ತಟ್ಟೆ ಹಾಕುತ್ತ ಕೇಳಿಸಿಕೊಂಡಳು. "ಅಣ್ಣ, ಅತ್ತೆ ಹೇಳಿಕೊಟ್ಟಿದ್ದೆಲ್ಲ ಹೇಳಿ ಮುಗೀತಾ? ಸಾರು ಆರೋಗ್ತದೆ, ಊಟ ಮಾಡಿ" ಎಂದಳು. ಸಾರಕ್ಕ ಹೇಳಿದ್ದು ಅರ್ಧ ನಿಜವಾಯಿತು. ಜಯಾ ನಕ್ಕಳು, ಹೋಗುವ ಮಾತು ಮಾತ್ರ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಮಂಜು. ಚರ್ಚಿನೊಳಗೆ ಬಲಿಪೀಠದ ಮುಂದೆ ಬಾಳೆಗೊನೆ, ಸೋರೆಕಾಯಿ, ಕಬ್ಬು, ಕಾಲು ಕಟ್ಟಿದ ಎರಡು ಕೋಳಿ. ಸುಗ್ಗಿ ಹಬ್ಬದಲ್ಲಿ ಮೊದಲ ಫಲ ದೇವರಿಗೆ. ಗಣಿಯೂರಿನವರಿಗೆ ಹೊಲ ಎಲ್ಲಿಂದ ಬರಬೇಕು? ಶನಿವಾರ ಸಂತೆಯಲ್ಲಿ ಕೊಂಡು ತಂದು ಇಡುತ್ತಾರೆ. ನಿಜವಾದ ಹೊಲದ್ದು ಎಂದರೆ ಜಯಾಳ ಅಪ್ಪ ಮುನಿಶಾಮಪ್ಪ ಹೊತ್ತು ತಂದ ರಾಗಿ ತೆನೆಯ ಕಟ್ಟು ಮತ್ತು ಒಂದು ದೊಡ್ಡ ಸಿಹಿಕುಂಬಳಕಾಯಿ. ಮಗಳ ಮದುವೆಯಾದಾಗಿನಿಂದ ಪ್ರತಿ ವರ್ಷ ಅವರು ಬೀಗಿತ್ತಿಯ ಮನೆಗೆ ಕಳಿಸಿಕೊಟ್ಟದ್ದನ್ನು ಸಾರಕ್ಕ ಚರ್ಚಿನಲ್ಲಿ ಇಡುವುದು ವಾಡಿಕೆ. ತಾವೇ ಬಂದದ್ದು ಇದೇ ಮೊದಲು. ಬಾಗಿಲ ಬಳಿ ಚಪ್ಪಲಿ ಬಿಟ್ಟು, ಹೆಗಲ ಟವೆಲ್ಲನ್ನು ಸೊಂಟಕ್ಕೆ ಸುತ್ತಿ, ಕೊನೆಯ ಬೆಂಚಿನಲ್ಲಿ ಕೂತರು.

ತಮಿಳಿನಲ್ಲೊಂದು, ತೆಲುಗಿನಲ್ಲೊಂದು, ಕನ್ನಡದಲ್ಲೊಂದು ಹಾಡಾದ ಮೇಲೆ ನಾನು ಎದ್ದೆ. ಎರಡನೆಯ ಸಾಲಿನಲ್ಲಿ ಸಾರಕ್ಕ, ಮಗ್ಗುಲಲ್ಲಿ ಜಯಾ. ಬರೆದು ತಂದದ್ದು ರೂತಳ ನಿಷ್ಠೆಯನ್ನು ಹೊಗಳುವ ಮೂರು ಹಾಳೆ. ಅದನ್ನು ಓದಿದರೆ ಸಾರಕ್ಕನ ಮುಂದೆಯೇ ಅವಳ ಬೇಡಿಕೆಯನ್ನು ತಳ್ಳಿದ ಹಾಗೆ. ಬೆವರುತ್ತ, ಹಾಳೆ ಮಡಚಿ, ನನ್ನ ತಲೆಗೆ ಹೊಳೆದದ್ದು ಹೇಳಿದೆ. ಈ ಕಥೆ ಬರೆದ ಹೀಬ್ರೂ ಭಾಷೆಯಲ್ಲಿ ಹೆಸೆದ್ ಎಂದೊಂದು ಮಾತಿದೆ. ಅದನ್ನು ಕರ್ತವ್ಯ ಅಂದರೆ ಒಣಗಿಹೋಗುತ್ತದೆ, ಪ್ರೀತಿ ಅಂದರೆ ಸಡಿಲವಾಗುತ್ತದೆ. ಕೈ ಬಿಟ್ಟರೂ ಯಾರೂ ಬೈಯದ ಹೊತ್ತಿನಲ್ಲಿ ಬಿಡದೆ ಹಿಡಿದಿರುವುದು ಅನ್ನಬಹುದೇನೋ. ಆ ಮಾತನ್ನು ಕಥೆಯಲ್ಲಿ ಮೊದಲು ಆಡುವವಳು ನೊವೊಮಿ. ಅದೂ ಸೊಸೆಯರನ್ನು ಹಿಂದಕ್ಕೆ ಕಳಿಸುವಾಗ. ನೀವು ನನಗೂ ಸತ್ತವರಿಗೂ ತೋರಿದಂಥದ್ದನ್ನು ದೇವರು ನಿಮಗೆ ತೋರಲಿ ಎಂದು ಇಬ್ಬರನ್ನೂ ಹರಸುತ್ತಾಳೆ. ಹೊರಟುಹೋದ ಒರ್ಫಾಳ ಮೇಲೆ ಗ್ರಂಥದಲ್ಲಿ ಒಂದು ಕೆಟ್ಟ ಮಾತಿಲ್ಲ. ಉಳಿದವಳ ಜೊತೆ ದೇವರಿದ್ದ, ಹೋದವಳನ್ನು ಬಿಟ್ಟ ಅಂತ ನಾವು ಹೇಳುವಹಾಗಿಲ್ಲ.

ಸಾರಕ್ಕ ಮೆಚ್ಚಿಗೆಯಿಂದ ತಲೆಯಾಡಿಸಿದಳು. ಜಯಾ ನೆಲ ನೋಡುತ್ತಿದ್ದಳು. ಕೆಳಗಿಳಿದಾಗ ಅಯ್ಯನವರು ನನ್ನ ಕಿವಿಯಲ್ಲಿ, "ಒರ್ಫಾಳಿಗೆ ಇಷ್ಟು ಒಳ್ಳೇ ವಕೀಲ ಸಿಕ್ಕಿದ್ದು ಇದೇ ಮೊದಲು" ಎಂದರು. ನಾನು ಹೊಟ್ಟೆನೋವಿನ ಇನ್ನೊಂದು ಮಾತ್ರೆ ನುಂಗಿದೆ. ಪಾನಿಪೂರಿಗೋ ಪ್ರಸಂಗಕ್ಕೋ ತಿಳಿಯಲಿಲ್ಲ.

ಆರಾಧನೆಯ ನಂತರ ಬೇವಿನ ಮರದಡಿ ಹರಾಜು. ದೇವರಿಗಿಟ್ಟದ್ದನ್ನೆಲ್ಲ ಕೂಗಿ ಮಾರಿ, ಬಂದ ದುಡ್ಡು ಚರ್ಚಿಗೆ. ಕೊಟ್ಟವರೇ ಕೊಳ್ಳುವ ಪದ್ಧತಿಯಿಲ್ಲ. ಕೊಟ್ಟ ಮೇಲೆ ಅದು ನಮ್ಮದಲ್ಲ. ಇದು ಎಲ್ಲರಿಗೂ ಗೊತ್ತು, ಮುನಿಶಾಮಪ್ಪನವರನ್ನು ಬಿಟ್ಟು.

ಸಭಾಹಿರಿಯರೊಬ್ಬರು ಕುಂಬಳಕಾಯಿ ಎತ್ತಿ ಹಿಡಿದು ಕೂಗಿದರು. ಜನ ಕೋಳಿಗಳ ಮೇಲೆ ಕಣ್ಣಿಟ್ಟಿದ್ದರಿಂದ ಬೆಲೆ ಏರಲಿಲ್ಲ. ಹಿಂದಿನಿಂದ ಮುನಿಶಾಮಪ್ಪನವರ ದನಿ ಬಂತು. "ಏನ್ ಸ್ವಾಮಿ ಇದು, ನಮ್ ಕಾಯ್ಗೆ ಇಷ್ಟೇನಾ? ಗೊಬ್ಬರ ಆಕಿ ಬೆಳ್ಸಿವ್ನಿ. ಇಂಗೆ ಅಗ್ಗಕ್ಕೆ ಓಗೋದಾದ್ರೆ ನಾನೇ ತಕಂತೀನಿ!" ಎಂದು ದುಪ್ಪಟ್ಟು ಕೂಗಿದರು.

ಜನ ನಕ್ಕರು. ಬೀಗರು ನಗೆಪಾಟಲಾದದ್ದನ್ನು ಸಾರಕ್ಕನಿಗೆ ತಡೆಯಲಾಗಲಿಲ್ಲ. "ಅದು ನಮ್ಮನೆಗೆ ಬಂದ ಕಾಯಿ, ನಮ್ಮನೇಲೇ ಇರ್ತದೆ" ಎಂದು ಪದ್ಧತಿ ಮರೆತು ಇನ್ನೂ ಹೆಚ್ಚಿಗೆ ಕೂಗಿದಳು.

"ನಿಮಗ್ಯಾಕಕ್ಕಾ ತೊಂದ್ರೆ? ನಾನ್ ತಕಂಡೋಗ್ತೀನಿ."

"ತಂದು ಕೊಟ್ಟು ವಾಪಸ್ ತಗೊಂಡು ಹೋಗ್ತೀರಾ? ನನ್ನ ಮರ್ಯಾದೆ ಏನಾಗ್ಬೇಕು?"

ಬೆಲೆ ಏರಿತು. ಹುಡುಗರು ಶಿಳ್ಳೆ ಹೊಡೆದರು. ಸಾರಕ್ಕ ಎದ್ದು ಹೋಗಿ ಕುಂಬಳಕಾಯಿಯ ಮೇಲೆ ಕೈಯಿಟ್ಟುಬಿಟ್ಟಳು. ಆಗ ಜಯಾ ನಡುವೆ ಬಂದು ನಿಂತಳು. ಮುಖ ಕೆಂಪಾಗಿತ್ತು.

"ಅತ್ತೆ, ಒಂದು ಕುಂಬಳಕಾಯಿ ಬಿಟ್ಟುಕೊಡೋಕೆ ಆಗ್ತಿಲ್ಲ ನಿಮಗೆ. ನನ್ನ ಕಳಿಸ್ತೀರಾ?"

ನಗು ನಿಂತಿತು. ಸಾರಕ್ಕನ ಕೈ ಕಾಯಿಯ ಮೇಲೇ ಇತ್ತು. ಸೆರಗು ಬಾಯಿಗೆ ಹಿಡಿದು, ಊರೆಲ್ಲ ನೋಡುತ್ತಿರುವಾಗಲೇ ಅತ್ತಳು.

ಏನಾದರೂ ಮಾಡಬೇಕಲ್ಲ, ಎಲ್ಲರೂ ಸಮಾಧಾನ ಮಾಡಿಕೊಳ್ಳಲಿ ಎಂದು ನಾನು ಕೈ ಎತ್ತಿದೆ. ಸಭಾಹಿರಿಯರು ಅದನ್ನು ಹರಾಜಿನ ಕೂಗೆಂದುಕೊಂಡು, ತಡಮಾಡದೆ, "ಬೆಂಗಳೂರಿನ ಸಾರ್‌ಗೆ!" ಎಂದು ಮೂರು ಸಲ ಕೂಗಿ ಕುಂಬಳಕಾಯಿಯನ್ನು ನನ್ನ ತೋಳಿನ ಮೇಲೆ ಇಟ್ಟರು.

ಮರದ ಬುಡದಲ್ಲಿ ಕೂತ ಸಾರಕ್ಕನ ಮುಂದೆ ಮುನಿಶಾಮಪ್ಪ ಕುಕ್ಕರಗಾಲಲ್ಲಿ ಕೂತರು. "ಅಕ್ಕಾ, ಮಗಳ್ನ ಕರ್ಕೊಂಡೋಗಾಕೆ ನೀವೇ ಕರ್ಸುದ್ರಿ. ಅವ್ಳು ನಿಮ್ಮುನ್ ಬುಟ್ ಬರಾಕಿಲ್ಲ ಅಂತಾಳೆ. ನೀವೇ ಬಂದ್ಬುಡಿ. ರಾಗಿ ಕೊಯ್ಲೈತೆ, ಮನೆ ತುಂಬ ಆಳು, ಅಡ್ಗೆ ನೋಡ್ಕಳೋರ್ ಬೇಕು."

"ನಾನು ಈ ಲೈನ್ ಬಿಟ್ಟು ಎಲ್ಲೂ ಮಲಗಿಲ್ಲ."

"ಲೈನ್ ಏನ್ ಎದ್ದೋಗ್ತದಾ?"

"ಭಾನುವಾರ ಚರ್ಚು?"

"ಬಂಗಾರಪೇಟೇಲಿ ಐತಲ್ಲ. ನಾನೇ ಬಸ್ ಅತ್ತುಸ್ತೀನಿ."

"ಇವಳ ಕೆಲಸ?"

"ರೈಲು ಅಲ್ಲೂ ನಿಲ್ತದೆ ಅತ್ತೆ, ಸೀಟು ಮಾತ್ರ ಸಿಗಲ್ಲ" ಎಂದು ಜಯಾ ಕಣ್ಣೊರೆಸಿಕೊಂಡು ನಕ್ಕಳು.

ಕೊಯ್ಲು ಮುಗಿಯುವ ತನಕ ಮಾತ್ರ ಎಂದು ಸಾರಕ್ಕ ಒಪ್ಪಿದಳು. ಮಧ್ಯಾಹ್ನ ಎರಡು ಚೀಲ ಕಟ್ಟಿ, ಬೀಗ ಹಾಕಿ, ಮತ್ತೆ ತೆಗೆದು, ಜಾನ್‌ನ ಫೋಟೋ ತೆಗೆದುಕೊಂಡು ಮತ್ತೆ ಬೀಗ ಹಾಕಿದಳು.

ಸಂಜೆ ರೈಲಿನಲ್ಲಿ ನಾಲ್ವರೂ ಹೊರಟೆವು. ನಾನು ಕಿಟಕಿಯ ಪಕ್ಕ, ತೊಡೆಯ ಮೇಲೆ ಕುಂಬಳಕಾಯಿ. ರೂತಳ ಕಥೆಯನ್ನು ಇಷ್ಟು ವರ್ಷ ಓದಿದ್ದೇನೆ. ಸೊಸೆ ಅತ್ತೆಯ ಊರಿಗೆ ಹೋಗುತ್ತಾಳೆ. ಅತ್ತೆಯೇ ಸೊಸೆಯ ಊರಿಗೆ ಹೊರಟರೂ ಅದು ಅದೇ ಕಥೆ ಎಂದು ನನ್ನ ತಲೆಗೆ ಎಂದೂ ಹೊಳೆದಿರಲಿಲ್ಲ. ನಾನು ಹೋಗು ಎಂದು ಹೇಳಲು ಹೋಗಿ ತೊದಲಿದೆ, ಇರು ಎಂದು ಹೇಳಬೇಕಾದ ಕಡೆ ವಕೀಲಿ ಮಾಡಿದೆ. ಎರಡೂ ಕೆಲಸಕ್ಕೆ ಬರಲಿಲ್ಲ. ಪದ್ಧತಿ ತಿಳಿಯದ ಒಬ್ಬ ರೈತ ತನ್ನ ಕಾಯಿಯ ಬೆಲೆಗೆ ಸಿಟ್ಟಾದ, ಅಷ್ಟರಿಂದ ಆಯಿತು. ದೇವರು ಆಗಲೂ ಬಾಯಿ ತೆರೆದದ್ದು ನನಗೆ ಕೇಳಿಸಲಿಲ್ಲ.

ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಪಕ್ಕದ ಪ್ಲಾಟ್‌ಫಾರ್ಮಿಗೆ ಬಂತು. ಸಾರಕ್ಕ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದಳು. ಮುನಿಶಾಮಪ್ಪ ಚೀಲಗಳನ್ನು ಹೊತ್ತು ಮುಂದೆ ನಡೆದರು. ನಾನು ಹತ್ತಿ ಕಿಟಕಿಯಿಂದ ನೋಡಿದೆ. ಮೇಲ್ಸೇತುವೆಯ ಮೆಟ್ಟಿಲಲ್ಲಿ ಸಾರಕ್ಕ ಸೊಂಟ ಹಿಡಿದುಕೊಂಡು ಹತ್ತುತ್ತಿದ್ದಳು, ಜಯಾ ಒಂದು ಮೆಟ್ಟಿಲು ಹಿಂದೆ. ಅರ್ಧದಲ್ಲಿ ನಿಂತು ತಿರುಗಿ, ಸ್ಟೇಷನ್ನಿಗೆಲ್ಲ ಕೇಳುವಹಾಗೆ ಸೊಸೆಯನ್ನು ಗದರಿಸಿದಳು:

"ಬೇಗ ಬೇಗ ಬಾಮ್ಮಾ! ನಮ್ಮೂರ ಬಸ್ಸು ಹೊರಟೋಗ್ತದೆ!"