ಶ್ರೀ ಇಲ್ಲದ ಹಾಳೆ

ಕಾಫಿಗೆ ಮೊದಲು ಡೈರಿ ಬರೆಯುವುದು ನನ್ನ ಬೆಳಗಿನ ಅಭ್ಯಾಸ. ಹಾಳೆಯ ಮೇಲ್ಗಡೆ ಶ್ರೀ, ಅದರ ಕೆಳಗೆ ಯಾವುದಕ್ಕೆಲ್ಲ ಕೃತಜ್ಞ ಎಂಬ ಒಂದೆರಡು ಸಾಲು, ಕೊನೆಗೆ ಒಂದು ಗುರಿ. ಶ್ರೀ ಬರೆಯದೆ ನಾನು ಪರೀಕ್ಷೆಯ ಉತ್ತರವನ್ನೂ ಶುರುಮಾಡಿದವನಲ್ಲ.

ಅಂದು ಬಲಗೈ ಪ್ಲಾಸ್ಟರಿನಲ್ಲಿತ್ತು. ಹಿಂದಿನ ಸಂಜೆ, ನಾವಿರುವ ಐರಿಷ್ ಊರು ಸ್ವೋರ್ಡ್ಸ್‌ನ ಬಸ್ ಸ್ಟಾಪಿನಲ್ಲಿ ಹೆಂಡತಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತ ನಿಂತಿದ್ದೆ, ಅಷ್ಟೇ. ಮೂವರು ಬಂದರು. ಒಬ್ಬ ಮುಖಕ್ಕೆ ಗುದ್ದಿ ಕೆಡವಿದ. ಇನ್ನೊಬ್ಬ ಹೊಟ್ಟೆಗೆ ಒದ್ದ. ಮೂರನೆಯವನು ಬೂಟುಗಾಲಿನಿಂದ ಮಣಿಕಟ್ಟನ್ನು ತುಳಿದ. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದ ನರ್ಸ್ ‘ಗ್ರ್ಯಾಂಡ್’ ಅಂದಳು, ಎಲ್ಲ ಸರಿಯಿದೆ ಅನ್ನುವುದಕ್ಕೆ ಈ ಊರವರ ಮಾತು. ಇಲ್ಲಿ ಕೈ ಮುರಿದರೂ ಗ್ರ್ಯಾಂಡೇ.

ಹಾಗಾಗಿ ಅಂದು ನಾನು ಹೇಳಿದೆ, ಹೆಂಡತಿ ಬರೆದಳು.

“ಹಲ್ಲು ಉಳೀತು. ಕಣ್ಣು ಉಳೀತು. ಬರ್ಕೊಂಡ್ಯಾ?”

“ಹೂಂ. ಗುರಿ?”

“ಕೈ ತುಳಿದ್ನಲ್ಲ, ಆ ನನ್ಮಗನ ಕೈ ಮುರೀಬೇಕು.”

ಪೆನ್ನು ನಿಂತಿತು. “ಮೇಲೆ ಶ್ರೀ ಬರ್ದಿದೀನಿ ಕಣ್ರೀ. ಅದರ ಕೆಳಗೆ ಇದನ್ನ ಹೆಂಗ್ರೀ ಬರೀಲಿ?”

ಸಿಟ್ಟು ನೆತ್ತಿಗೇರಿತು. ಎಡಗೈಯಿಂದ ಮೇಜು ಗುದ್ದಿದೆ. “ಒದೆ ತಿಂದೋನು ನಾನು! ನಿನಗೇನ್ ಗೊತ್ತು?”

“ಫೋನ್ ಕಟ್ ಆಗಿರ್ಲಿಲ್ಲ ರೀ,” ಎಂದಳು. “ಎಲ್ಲಾ ಕೇಳಿಸ್ತು.”

ಹಾಳೆ ತಿರುವಿದಳು. ಶ್ರೀ ಹಾಕದೆ, ಪೆನ್ನು ಒತ್ತಿ ಒತ್ತಿ ಒಂದು ಸಾಲು ಬರೆದು, ಡೈರಿಯನ್ನು ನನ್ನ ಕಡೆಗೆ ತಳ್ಳಿ, ಕಾಫಿ ಮಾಡಲು ಎದ್ದಳು.

ನಾನು ಹೇಳಿದ್ದು ಒಂದು ಕೈ. ಅವಳು ಬರೆದಿದ್ದಳು: ಎರಡೂ ಕೈ.